ಮಾನಿಟರ್ ಆನ್ ಆಗಿ ಎರಡೇ ಸೆಕೆಂಡಿಗೆ ಕಪ್ಪಾಗುತ್ತೆ, ಮನೆಯಲ್ಲೇ ರಿಪೇರಿ ಮಾಡಬಹುದಾ?

ಪ್ರಶ್ನೆ: ಬಟನ್ ಒತ್ತಿದರೆ ಚಿತ್ರ ಬರುತ್ತದೆ, ಎರಡು ಸೆಕೆಂಡಿನಲ್ಲಿ ಮಾಯ. ಪವರ್ ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ. ಬಿಚ್ಚಿ ನೋಡಬಹುದಾ, ಇಲ್ಲಾ ಹೊಸದೇ ತಗೋಬೇಕಾ?

ಉತ್ತರ: ಬಿಚ್ಚಬಹುದು. ಆದರೆ ಈಗಲೇ ಸ್ಕ್ರೂಡ್ರೈವರ್‌ಗೆ ಕೈ ಹಾಕಬೇಡಿ, ಮೊದಲು ಒಂದು ಟಾರ್ಚ್ ತಗೊಳ್ಳಿ. ಕೋಣೆಯ ದೀಪ ಆರಿಸಿ, ಕಂಪ್ಯೂಟರ್ ಆನ್ ಇರುವಾಗಲೇ ಕಪ್ಪಾದ ಪರದೆಯ ಮೇಲೆ ಹತ್ತಿರದಿಂದ ಓರೆಯಾಗಿ ಬೆಳಕು ಬಿಡಿ. ಐಕಾನ್‌ಗಳೋ ಮೌಸ್‌ನ ಬಾಣವೋ ಮಸುಕು ಮಸುಕಾಗಿ ಕಂಡರೆ ಒಳ್ಳೆಯ ಸುದ್ದಿ. ಚಿತ್ರ ಬರುತ್ತಲೇ ಇದೆ, ಹಿಂದಿನ ಬೆಳಕು ಹೋಗಿದೆ ಅಷ್ಟೇ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ ಅಲ್ವಾ, ಅದರ ಹಿಂದೆ ಹಳೆಯ ಮಾನಿಟರ್‌ಗಳಲ್ಲಿ ಸಣ್ಣ ಟ್ಯೂಬ್‌ಗಳೂ ಹೊಸದರಲ್ಲಿ ಎಲ್‌ಇಡಿ ಪಟ್ಟಿಗಳೂ ಇರುತ್ತವೆ. ಅವಕ್ಕೆ ಕರೆಂಟ್ ಕೊಡುವ ಸರ್ಕ್ಯೂಟ್, ಏನೋ ಎಡವಟ್ಟಾಗಿದೆ ಅಂತ ಗೊತ್ತಾದ ಕೂಡಲೇ ತಾನಾಗಿಯೇ ಬಂದ್ ಆಗುತ್ತದೆ. ನಿಮ್ಮ ಎರಡು ಸೆಕೆಂಡಿನ ಗುಟ್ಟು ಬಹುಮಟ್ಟಿಗೆ ಇದೇ.

ಟಾರ್ಚ್ ಬಿಟ್ಟರೂ ಏನೂ ಕಾಣದಿದ್ದರೆ ಕೇಬಲ್ ಬದಲಿಸಿ, ಮಾನಿಟರ್‌ನ ಮೆನುವಿನಲ್ಲಿ ಇನ್‌ಪುಟ್ ಸರಿ ಇದೆಯಾ ನೋಡಿ, ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿ. ಕಪ್ಪಾಗುವ ಬದಲು ಗೆರೆಗಳು ಬರುತ್ತಿದ್ದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೆ ಪರದೆಯಲ್ಲಿ ತೆರೆಯಿರಿ. ಅದರಲ್ಲೂ ಗೆರೆ ಇದ್ದರೆ ಮಾನಿಟರ್‌ನದೇನೂ ತಪ್ಪಿಲ್ಲ, ಕಂಪ್ಯೂಟರ್ ಕಡೆ ನೋಡಬೇಕು.

ಹಿಂದಿನ ಬೆಳಕಿನದೇ ತೊಂದರೆ ಅಂತಾದರೆ, ಅದರಲ್ಲೂ ಮಾನಿಟರ್ ಹಳೆಯದಾಗಿದ್ದರೆ, ನನ್ನ ಮೊದಲ ಅನುಮಾನ ಪವರ್ ಬೋರ್ಡಿನ ಕೆಪಾಸಿಟರ್‌ಗಳ ಮೇಲೆ, ಅಂದರೆ ಕರೆಂಟ್ ಕೂಡಿಟ್ಟುಕೊಳ್ಳುವ ಸಣ್ಣ ಡಬ್ಬಿಯಂಥ ಭಾಗಗಳ ಮೇಲೆ. ಬಿಸಿಗೆ ಅವುಗಳ ಒಳಗಿನ ದ್ರವ ನಿಧಾನಕ್ಕೆ ಒಣಗುತ್ತದೆ. ಕೆಟ್ಟದ್ದನ್ನು ಎಷ್ಟೋ ಸಲ ಕಣ್ಣಲ್ಲೇ ಗುರುತಿಸಬಹುದು: ಚಪ್ಪಟೆ ಇರಬೇಕಾದ ತಲೆ ಉಬ್ಬಿರುತ್ತದೆ, ತಲೆ ಮೇಲಿನ ಗೀರು ಬಿರಿದು ಕಂದು ಬಣ್ಣದ ಅಂಟು ಬಂದಿರುತ್ತದೆ.

ಈಗ ಎಚ್ಚರಿಕೆಯ ಮಾತು, ಇದನ್ನು ಮಾತ್ರ ಹಾರಿಸಬೇಡಿ. ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು. ಮನೆಯ ಕರೆಂಟ್ 230 ವೋಲ್ಟ್ ಇದ್ದರೆ ಅದರಲ್ಲಿ ಸುಮಾರು 320 ವೋಲ್ಟ್ ಇರುತ್ತದೆ, ತಮಾಷೆಯಲ್ಲ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಶೂರತನ ಬೇಡ. ಕೆಲವು ಕಿಲೋಓಮ್‌ನ, 5 ವ್ಯಾಟ್‌ನ ರೆಸಿಸ್ಟರ್‌ಗೆ (ಕರೆಂಟ್ ಹರಿವನ್ನು ತಡೆದು ನಿಧಾನ ಮಾಡುವ ಭಾಗ) ಇನ್ಸುಲೇಷನ್ ಇರುವ ವೈರ್ ಹಾಕಿ, ಕೆಪಾಸಿಟರ್‌ನ ಎರಡೂ ಕಾಲುಗಳಿಗೆ ತಾಗಿಸಿ ಖಾಲಿ ಮಾಡಿ, ವೋಲ್ಟ್ ಅಳೆಯುವ ಮಲ್ಟಿಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದಿದೆಯಾ ನೋಡಿ, ಆಮೇಲೆ ಮುಟ್ಟಿ. ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು ಇಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಕೊಡುವುದು ವಾಸಿ. ಅಡಾಪ್ಟರ್ ಹೊರಗೇ ಇರುವ ಮಾನಿಟರ್ ಆದರೆ ಅಷ್ಟು ಭಯವಿಲ್ಲ, ಆಗ ಮೊದಲು ಅಡಾಪ್ಟರ್ ಸರಿಯಾದ ವೋಲ್ಟೇಜ್ ಕೊಡುತ್ತಿದೆಯಾ ಅಳೆಯಿರಿ. ಎಷ್ಟೋ ಸಲ ಅದೇ ಕಳ್ಳ. ಇನ್ನು ದಪ್ಪ ಗಾಜಿನ ಹಳೇ ಸಿಆರ್‌ಟಿ ಮಾನಿಟರನ್ನು ಮನೆಯಲ್ಲಿ ಬಿಚ್ಚಲೇಬೇಡಿ, ಅದರ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಬಿಚ್ಚುವಾಗ ಪರದೆಯನ್ನು ಮೆತ್ತನೆ ಬಟ್ಟೆಯ ಮೇಲೆ ಮಕಾಡೆ ಮಲಗಿಸಿ. ಕ್ಲಿಪ್‌ಗಳನ್ನು ಹಳೆಯ ಪ್ಲಾಸ್ಟಿಕ್ ಕಾರ್ಡ್‌ನಿಂದ ಎಬ್ಬಿಸಿ. ಒಂದೊಂದು ವೈರ್ ಕೀಳುವ ಮೊದಲೂ ಫೋನಿನಲ್ಲಿ ಫೋಟೋ ತೆಗೆದಿಡಿ, ಆಮೇಲೆ ಜ್ಞಾಪಕ ಇರುವುದಿಲ್ಲ.

ಹೊಸ ಕೆಪಾಸಿಟರ್‌ನ ಮೈಕ್ರೋಫ್ಯಾರಡ್, ಅಂದರೆ ಅದು ಎಷ್ಟು ಕೂಡಿಟ್ಟುಕೊಳ್ಳುತ್ತದೆ ಅನ್ನುವ ಅಳತೆ, ಹಳೆಯದರಷ್ಟೇ ಇರಲಿ. ವೋಲ್ಟ್ ಅಷ್ಟೇ ಇರಲಿ ಇಲ್ಲಾ ಸ್ವಲ್ಪ ಜಾಸ್ತಿ ಇರಲಿ, ಕಡಿಮೆ ಮಾತ್ರ ಬೇಡ. 105 ಡಿಗ್ರಿ ಬಿಸಿ ತಡೆಯುವಂಥದ್ದು, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವುದು) ಅಂತ ಕೇಳಿ ತಗೊಳ್ಳಿ. ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್, ತಿರುಗಿಸಿ ಹಾಕಿದರೆ ಸಿಡಿಯುತ್ತದೆ. ಒಂದು ಉಬ್ಬಿದ್ದರೂ ಅದರ ಸಾಲಿನಲ್ಲಿರುವ ಎಲ್ಲವನ್ನೂ ಬದಲಿಸಿಬಿಡಿ, ಹೊರಗೆ ಚೆನ್ನಾಗಿ ಕಾಣುವುದೂ ಒಳಗೆ ಒಣಗಿರಬಹುದು. ಹಿಂದಿನ ಕವರ್ ಮುಚ್ಚಿದ ಮೇಲೆಯೇ ಪ್ಲಗ್ ಹಾಕಿ ನೋಡಿ.

ಆಗಲೂ ಎರಡು ಸೆಕೆಂಡಿಗೆ ಕಪ್ಪಾದರೆ ಟ್ಯೂಬೋ ಎಲ್‌ಇಡಿ ಪಟ್ಟಿಯೋ ಹೋಗಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಪ್ಯಾನೆಲ್ಲನ್ನೇ ಪದರ ಪದರವಾಗಿ ಬಿಡಿಸಬೇಕು. ಒಂದು ಕೂದಲು ಒಳಗೆ ಸೇರಿದರೂ ಪರದೆಯಲ್ಲಿ ಕಾಣುತ್ತದೆ, ಟ್ಯೂಬಿನೊಳಗೆ ಪಾದರಸ ಬೇರೆ ಇರುತ್ತದೆ. ಆ ಕೆಲಸಕ್ಕೆ ನಾನಂತೂ ಕೈ ಹಾಕುವುದಿಲ್ಲ, ಇ-ಕಸ ತೆಗೆದುಕೊಳ್ಳುವವರಿಗೆ ಕೊಟ್ಟು ಬೇರೆ ಮಾನಿಟರ್ ನೋಡುತ್ತೇನೆ.