ನಕ್ಷೆಯ ಗೆರೆ ನೀರಿಗೆ ಗೊತ್ತಿಲ್ಲ: ನೆರೆ ವಿಮೆ ನಡೆದು ಬಂದ ದಾರಿ

ಹತ್ತೊಂಬತ್ತನೇ ಶತಮಾನದ ಕೊನೆಗೆ, 1897ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಒಂದು ಕಂಪನಿ ನೆರೆಗೆಂದೇ ವಿಮೆ ಮಾರಲು ಹೊರಟಿತು. ಅದರ ಹಿಂದಿನ ವರ್ಷಗಳಲ್ಲಿ ಮಿಸಿಸಿಪ್ಪಿ, ಮಿಸೌರಿ ನದಿಗಳು ಉಕ್ಕಿದ್ದವು, ಜನ ಹೆದರಿದ್ದರು. 1899ರಲ್ಲಿ ಮತ್ತೆ ನೆರೆ ಬಂತು. ಕೂಡಿಟ್ಟ ಪ್ರೀಮಿಯಂ, ಹೂಡಿದ ಬಂಡವಾಳ ಎರಡನ್ನೂ ಸುರಿದರೂ ಪರಿಹಾರಕ್ಕೆ ಸಾಲಲಿಲ್ಲ. ಸಾಲದ್ದಕ್ಕೆ ಕಂಪನಿಯ ಕಚೇರಿಯೇ ನೀರಿನಲ್ಲಿ ಕೊಚ್ಚಿಹೋಯಿತು.

ಕೇಳಿದರೆ ನಗು ಬರುತ್ತದೆ. ಆದರೆ ನೆರೆಗೆ ವಿಮೆ ಕೊಡುವುದು ಏಕೆ ಕಷ್ಟ ಎಂಬುದೆಲ್ಲ ಈ ಪುಟ್ಟ ಪ್ರಸಂಗದಲ್ಲೇ ಇದೆ. ಬೆಂಕಿ ಬಿದ್ದರೆ ಊರಲ್ಲಿ ಒಂದು ಮನೆ ಸುಡುತ್ತದೆ, ಉಳಿದ ಸಾವಿರ ಮನೆಯವರು ಕಟ್ಟಿದ ಹಣದಲ್ಲಿ ಆ ಒಂದು ಮನೆ ಮತ್ತೆ ಎದ್ದು ನಿಲ್ಲುತ್ತದೆ. ನೆರೆ ಬಂದರೆ ಬೀದಿಗೆ ಬೀದಿಯೇ ಒಂದೇ ರಾತ್ರಿ ಮುಳುಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ದಿಬ್ಬದ ಮೇಲಿನವರು ಈ ವಿಮೆಯ ತಂಟೆಗೇ ಹೋಗುವುದಿಲ್ಲ, ಹೊಳೆ ಪಕ್ಕದವರಷ್ಟೇ ಕೊಳ್ಳುತ್ತಾರೆ. ಆಗ ದರ ಏರುತ್ತದೆ, ಏರಿದಂತೆ ಅಲ್ಪಸ್ವಲ್ಪ ಅಪಾಯ ಇರುವವರೂ ಕಳಚಿಕೊಳ್ಳುತ್ತಾರೆ. ಕೊನೆಗೆ ಉಳಿಯುವವರು ಮುಳುಗುವುದು ಖಾತ್ರಿ ಇರುವವರು ಮಾತ್ರ.

1927ರ ಮಿಸಿಸಿಪ್ಪಿ ಮಹಾಪೂರ ಖಾಸಗಿ ಕಂಪನಿಗಳ ಕೊನೆಯ ಆಸೆಯನ್ನೂ ತೊಳೆದುಹಾಕಿತು. ನದಿಯ ಒಡ್ಡುಗಳು ಒಂದಾದ ಮೇಲೊಂದು ಒಡೆದು ಸುಮಾರು 70 ಸಾವಿರ ಚದರ ಕಿಲೋಮೀಟರ್ ನೆಲ ಜಲಾವೃತವಾಯಿತು, ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅಲ್ಲಿಂದಾಚೆಗೆ ಅಮೆರಿಕದ ಸಾಮಾನ್ಯ ಮನೆ ವಿಮೆಯಲ್ಲಿ ಗಾಳಿ, ಬೆಂಕಿ, ಆಲಿಕಲ್ಲು ಎಲ್ಲ ಇದ್ದರೂ ನೆರೆ ಇಲ್ಲ. ಇವತ್ತಿಗೂ ಇಲ್ಲ. ಇದನ್ನು ಮನೆ ಮುಳುಗಿದ ಮೇಲೆ ತಿಳಿದುಕೊಳ್ಳುವವರೇ ಹೆಚ್ಚು.

ವಿಮೆ ಹೋದ ಜಾಗಕ್ಕೆ ಒಡ್ಡು ಬಂತು. 1928 ಮತ್ತು 1936ರ ಪ್ರವಾಹ ನಿಯಂತ್ರಣ ಕಾಯ್ದೆಗಳ ಬಲದಿಂದ ಸೇನೆಯ ಎಂಜಿನಿಯರುಗಳ ವಿಭಾಗ ಅಣೆಕಟ್ಟು, ಒಡ್ಡು, ಕಾಲುವೆಗಳನ್ನು ಕಟ್ಟುತ್ತಾ ಹೋಯಿತು. ಇದರಲ್ಲೇನೋ ಎಡವಟ್ಟಿದೆ ಎಂದು ಗುರುತಿಸಿದವರು ಗಿಲ್ಬರ್ಟ್ ವೈಟ್ ಎಂಬ ಭೂಗೋಳಶಾಸ್ತ್ರಜ್ಞ. ನೆರೆ ದೈವದ ಕೆಲಸವಿರಬಹುದು, ನೆರೆಯ ನಷ್ಟ ಬಹುಪಾಲು ಮನುಷ್ಯನದೇ ಕೆಲಸ ಎಂಬರ್ಥದ ಮಾತನ್ನು ಅವರು 1940ರ ದಶಕದಲ್ಲೇ ಬರೆದರು. ಒಡ್ಡು ಕಟ್ಟಿದ ಮೇಲೆ ಸಣ್ಣಪುಟ್ಟ ನೆರೆಗಳು ನಿಂತುಹೋಗುತ್ತವೆ. ಜನಕ್ಕೆ ಧೈರ್ಯ ಬರುತ್ತದೆ, ತಗ್ಗಿನಲ್ಲಿ ಬಡಾವಣೆಗಳು ಏಳುತ್ತವೆ. ಒಡ್ಡನ್ನು ಮೀರುವ ನೆರೆ ಎಂದೋ ಒಂದು ದಿನ ಬಂದಾಗ, ಒಡ್ಡೇ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ದೊಡ್ಡ ನಷ್ಟ ಆಗುತ್ತದೆ. ಎಂಬತ್ತು ವರ್ಷ ಕಳೆದರೂ ಈ ವಾದಕ್ಕೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ ಎಂದೇ ನನ್ನ ಅನಿಸಿಕೆ.

1956ರಲ್ಲಿ ಸರ್ಕಾರವೇ ವಿಮೆ ಕೊಡುವ ಕಾಯ್ದೆಯೊಂದು ಪಾಸಾಯಿತು. ಆದರೆ ಹಣ ಬಿಡುಗಡೆ ಆಗಲಿಲ್ಲ, ಕಾಯ್ದೆ ಕಾಗದದಲ್ಲೇ ಉಳಿಯಿತು. 1965ರ ಸೆಪ್ಟೆಂಬರಿನಲ್ಲಿ ಬೆಟ್ಸಿ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ಮೇಲೆ ವಿಷಯ ಮತ್ತೆ ಮೇಜಿಗೆ ಬಂತು. 1968ರಲ್ಲಿ ಹುಟ್ಟಿದ ರಾಷ್ಟ್ರೀಯ ನೆರೆ ವಿಮಾ ಯೋಜನೆಯ ಮೂಲದಲ್ಲಿ ಒಂದು ಕೊಡುಕೊಳು ಇತ್ತು. ನಗರಾಡಳಿತವು ನೆರೆಬಯಲಿನಲ್ಲಿ ಮನೆ ಕಟ್ಟುವುದಕ್ಕೆ ನಿಯಮ ಹಾಕಬೇಕು, ಹೊಸ ಮನೆಯ ನೆಲಮಟ್ಟ ನಿಗದಿತ ನೆರೆಮಟ್ಟಕ್ಕಿಂತ ಕೆಳಗಿರಕೂಡದು. ಹಾಗೆ ಮಾಡಿದ ಊರಿನ ಜನಕ್ಕೆ ಮಾತ್ರ ವಿಮೆ ಸಿಗುತ್ತದೆ. ಕಲ್ಪನೆ ಚೆನ್ನಾಗಿತ್ತು.

ಹಾಗಾದರೆ ನೆರೆಬಯಲು ಎಲ್ಲಿಗೆ ಮುಗಿಯುತ್ತದೆ? ನಕ್ಷೆಯ ಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ತೀರಾ ಸಣ್ಣ ನೆರೆಯನ್ನು ಲೆಕ್ಕಕ್ಕೆ ಹಿಡಿದರೆ ಕಾಯ್ದೆಗೆ ಅರ್ಥವಿಲ್ಲ, ಊಹಿಸಬಹುದಾದ ಅತಿ ದೊಡ್ಡ ನೆರೆಯನ್ನು ಹಿಡಿದರೆ ಅರ್ಧ ಊರಲ್ಲಿ ಮನೆ ಕಟ್ಟುವಂತಿಲ್ಲ. ತಜ್ಞರು ನಡುವಿನ ದಾರಿ ಹಿಡಿದರು: ಯಾವುದೇ ವರ್ಷ ಬರುವ ಸಾಧ್ಯತೆ 1% ಇರುವ ನೆರೆ. ಇದಕ್ಕೇ ನೂರು ವರ್ಷದ ನೆರೆ ಎಂಬ ಹೆಸರು ಬಿತ್ತು. ನೂರು ವರ್ಷಕ್ಕೊಮ್ಮೆ ಸರದಿಯಲ್ಲಿ ಬರುತ್ತದೆ ಎಂದು ಜನ ತಿಳಿದರೆ ಜನರದೇನೂ ತಪ್ಪಿಲ್ಲ. ವರ್ಷಕ್ಕೆ 1% ಎಂದರೆ, 30 ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ನೀರು ಅಷ್ಟು ಎತ್ತರಕ್ಕೆ ಬರುವ ಸಾಧ್ಯತೆ 26%. ನಾಲ್ಕು ಮನೆಗೆ ಒಂದು. ಗೆರೆಯ ಅಂಚಿನ ಮನೆಯ ಲೆಕ್ಕ ಇದು. ಗೆರೆಗಿಂತ ಒಳಗೆ, ತಗ್ಗಿನಲ್ಲಿ ಇರುವ ಮನೆಗೆ ಸಾಧ್ಯತೆ ಇನ್ನೂ ಹೆಚ್ಚು.

ಆ 1% ಬರುವುದು ನದಿಯ ಅಳತೆಪಟ್ಟಿಯಿಂದ. ವರ್ಷವರ್ಷದ ಗರಿಷ್ಠ ಹರಿವನ್ನು ಸಾಲಾಗಿ ಜೋಡಿಸಿ, ಅದಕ್ಕೊಂದು ಸಂಖ್ಯಾಶಾಸ್ತ್ರದ ವಕ್ರರೇಖೆ ಹೊಂದಿಸಿ, ಕೈಯಲ್ಲಿರುವ ಕೆಲವೇ ದಶಕಗಳ ದಾಖಲೆಯಿಂದ ಅತಿ ಅಪರೂಪದ ನೆರೆಯ ಎತ್ತರವನ್ನು ಅಂದಾಜಿಸುತ್ತಾರೆ. ನಾಳೆಯ ಮಳೆಯೂ ನಿನ್ನೆಯ ಮಳೆಯಂತೆಯೇ ಇರುತ್ತದೆ ಎಂಬ ನಂಬಿಕೆ ಇದರ ಬುಡದಲ್ಲಿದೆ. ಮೇಲಿನ ಗುಡ್ಡದಲ್ಲಿ ಕಾಡು ಹೋಗಿ ಕಾಂಕ್ರೀಟು ಬಂದರೆ ಅದೇ ಮಳೆಗೆ ಹೊಳೆ ಬೇಗ ತುಂಬುತ್ತದೆ, ನಕ್ಷೆ ಮಾತ್ರ ಹಳೆಯದೇ ಇರುತ್ತದೆ. ಇನ್ನೊಂದು ಮಾತು. ಈ ನಕ್ಷೆಗಳು ತೋರಿಸುವುದು ಮುಖ್ಯವಾಗಿ ನದಿ ಮತ್ತು ಕಡಲಿನ ನೆರೆಯನ್ನು. ಚರಂಡಿ ಹಿಡಿಸದೆ ರಸ್ತೆಯಲ್ಲಿ ನಿಂತು ಮನೆಯೊಳಗೆ ನುಗ್ಗುವ ಮಳೆನೀರು ಬಹುಮಟ್ಟಿಗೆ ಅವುಗಳ ಲೆಕ್ಕದ ಹೊರಗೆ.

ವಿಮೆ ಸಿಗುವಂತಾದರೂ ಕೊಳ್ಳುವವರು ಬರಲಿಲ್ಲ. 1972ರಲ್ಲಿ ಆಗ್ನೆಸ್ ಚಂಡಮಾರುತ ಪೂರ್ವ ಕರಾವಳಿಯ ರಾಜ್ಯಗಳನ್ನು ಹಾಳುಗೆಡವಿದಾಗ ಸಂತ್ರಸ್ತರಲ್ಲಿ ಪಾಲಿಸಿ ಇದ್ದವರು ತೀರಾ ವಿರಳ. ಮರುವರ್ಷ ಸಂಸತ್ತು ಕಡ್ಡಾಯ ತಂದಿತು: 1% ಗೆರೆಯ ಒಳಗಿನ ಮನೆಗೆ ಸರ್ಕಾರದ ನಿಯಂತ್ರಣದಲ್ಲಿರುವ ಬ್ಯಾಂಕು ಸಾಲ ಕೊಡಬೇಕಾದರೆ ನೆರೆ ವಿಮೆ ಇರಲೇಬೇಕು. ಇಡೀ ಕಥೆಯ ತಿರುವು ಇದು ಎಂದು ನಾನು ನೋಡುತ್ತೇನೆ. ಕಟ್ಟಡ ನಿಯಮಕ್ಕೆಂದು ಎಳೆದ ಗೆರೆ ಈಗ ಬ್ಯಾಂಕಿನ ಮೇಜಿನ ಮೇಲೆ ಹೌದು ಅಥವಾ ಇಲ್ಲ ಎಂಬ ಪ್ರಶ್ನೆಯಾಯಿತು. ಸಾಲ ಕೇಳಲು ಹೋದವನಿಗೆ ‘ನಿಮಗೆ ನೆರೆ ವಿಮೆ ಬೇಕಿಲ್ಲ’ ಎಂದು ಬ್ಯಾಂಕಿನವರು ಹೇಳಿದರೆ, ಅವನ ಕಿವಿಗೆ ಅದು ‘ನಿಮ್ಮ ಮನೆಗೆ ನೆರೆ ಬರುವುದಿಲ್ಲ’ ಎಂದೇ ಕೇಳಿಸುತ್ತದೆ.

ಟೆಕ್ಸಸ್ ರಾಜ್ಯದ ಹೂಸ್ಟನ್ ನಗರದ ಪಶ್ಚಿಮಕ್ಕಿರುವ ಆಡಿಕ್ಸ್, ಬಾರ್ಕರ್ ಜಲಾಶಯಗಳ ಕಥೆ ನೋಡಿ. 1929 ಮತ್ತು 1935ರ ನೆರೆಗಳಲ್ಲಿ ನಗರದ ಕೇಂದ್ರಭಾಗ ಮುಳುಗಿದ ಮೇಲೆ, 1940ರ ದಶಕದಲ್ಲಿ ಹುಲ್ಲುಗಾವಲಿನ ನಡುವೆ ಕಟ್ಟಿದ ಎರಡು ಉದ್ದನೆಯ ಮಣ್ಣಿನ ಏರಿಗಳು ಅವು. ವರ್ಷದ ಬಹುಕಾಲ ಒಳಗೆ ನೀರಿರುವುದಿಲ್ಲ. ಪೂರ್ತಿ ತುಂಬಿದರೆ ನೀರು ಹರಡುವ ಜಾಗವನ್ನೆಲ್ಲ ಸರ್ಕಾರ ಕೊಂಡಿರಲಿಲ್ಲ, ಉಳಿದದ್ದು ಖಾಸಗಿಯವರ ಕೈಯಲ್ಲೇ ಇತ್ತು. ದಶಕಗಳ ನಂತರ ಅಲ್ಲಿ ಬಡಾವಣೆಗಳೆದ್ದವು. ಅಂದರೆ ಜನ ಮನೆ ಕೊಂಡದ್ದು ಏರಿಯ ಒಳಮಗ್ಗುಲಲ್ಲಿ, ಕೆರೆಯ ಅಂಗಳದಲ್ಲಿ. ಫೋರ್ಟ್ ಬೆಂಡ್ ಕೌಂಟಿಯ ಕೆಲವು ಬಡಾವಣೆ ನಕ್ಷೆಗಳ ಮೂಲೆಯಲ್ಲಿ, ಈ ಜಾಗ ನಿಯಂತ್ರಿತ ಮುಳುಗಡೆಗೆ ಒಳಪಡಬಹುದು ಎಂಬ ಒಂದು ಸಾಲಿನ ಟಿಪ್ಪಣಿ ಇತ್ತು. ಮನೆ ಕೊಳ್ಳುವಾಗ ಬಡಾವಣೆಯ ಮೂಲ ನಕ್ಷೆಯ ಮೂಲೆ ಓದುವವರು ಯಾರು? ಅಲ್ಲಿನ ಎಷ್ಟೋ ಮನೆಗಳು 1% ಗೆರೆಯ ಹೊರಗಿದ್ದವು, ಹಾಗಾಗಿ ವಿಮೆಯ ಕಡ್ಡಾಯವೂ ಇರಲಿಲ್ಲ. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ದಿನಗಟ್ಟಲೆ ಮಳೆ ಸುರಿಸಿದಾಗ ಜಲಾಶಯಗಳು ತುಂಬಿ ನೀರು ಹಿಂದಕ್ಕೆ, ಮನೆಗಳೊಳಕ್ಕೆ ಏರಿತು. 2019ರ ಡಿಸೆಂಬರಿನಲ್ಲಿ ಒಕ್ಕೂಟದ ಪರಿಹಾರ ನ್ಯಾಯಾಲಯವು ಇದಕ್ಕೆ ಸರ್ಕಾರವೇ ಹೊಣೆ ಎಂದು ತೀರ್ಪಿತ್ತಿತು. ಹಾರ್ವೆಯಲ್ಲಿ ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಉದ್ದಗಲಕ್ಕೂ ನೀರು ನುಗ್ಗಿದ ಮನೆಗಳಲ್ಲಿ ಮೂರಕ್ಕೆ ಎರಡರಷ್ಟು 1% ಗೆರೆಯ ಹೊರಗಿನವು.

ಗೆರೆಯ ಒಳಗಿನವರ ಕಥೆ ಬೇರೆ. ನಕ್ಷೆ ಬರುವ ಮೊದಲೇ ಕಟ್ಟಿದ ಮನೆಗಳಿಗೆ ನಿಜವಾದ ದರ ಹಾಕಿದರೆ ಜನ ಹೆದರಿ ಓಡುತ್ತಾರೆಂದು ಯೋಜನೆಯ ಶುರುವಿನಲ್ಲೇ ರಿಯಾಯಿತಿ ಕೊಟ್ಟಿದ್ದರು. ಹಳೆಯ ಮನೆಗಳು ಕಾಲಕ್ರಮೇಣ ಹೋಗುತ್ತವೆ, ರಿಯಾಯಿತಿಯೂ ತಾನಾಗಿ ಕರಗುತ್ತದೆ ಎಂಬ ಎಣಿಕೆ. ಮನೆಗಳು ಹೋಗಲಿಲ್ಲ. ಮುಳುಗಿದವು, ಪರಿಹಾರ ಬಂತು, ಅದೇ ಜಾಗದಲ್ಲಿ ಮತ್ತೆ ಎದ್ದವು, ಮತ್ತೆ ಮುಳುಗಿದವು. ಪಾಲಿಸಿಗಳಲ್ಲಿ 1%ರಷ್ಟಿರುವ ಇಂಥ ಮನೆಗಳು ಪರಿಹಾರದ ಮೊತ್ತದಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಪಡೆದಿವೆ. 2005ರ ಕತ್ರಿನಾ ಚಂಡಮಾರುತ ಬೊಕ್ಕಸವನ್ನು ಬರಿದು ಮಾಡಿತು. ಅದೊಂದಕ್ಕೇ ಕೊಟ್ಟ ಪರಿಹಾರ, ಯೋಜನೆ ಹುಟ್ಟಿದಾಗಿನಿಂದ ಕೊಟ್ಟದ್ದನ್ನೆಲ್ಲ ಮೀರಿಸಿತು. ಜೊತೆಗೆ ಗಾಳಿಯೋ ನೀರೋ ಎಂಬ ಜಗಳ. ಗಾಳಿಯ ಹಾನಿಗೆ ಮನೆ ವಿಮೆ, ನೀರಿನ ಹಾನಿಗೆ ನೆರೆ ವಿಮೆ. ಗೋಡೆ ಉಳಿದಿದ್ದರೆ ಕೆಸರಿನ ಗುರುತು ನೋಡಿ ಹೇಳಬಹುದು. ಪಾಯ ಮಾತ್ರ ಉಳಿದ ಕಡೆ ಏನು ಹೇಳುವುದು? ಖಜಾನೆಯಿಂದ ತಂದ ಸಾಲದಲ್ಲಿ 1600 ಕೋಟಿ ಡಾಲರನ್ನು 2017ರಲ್ಲಿ ಸಂಸತ್ತು ಮನ್ನಾ ಮಾಡಿತು. ಆಮೇಲೂ 2000 ಕೋಟಿ ಡಾಲರಿನಷ್ಟು ಬಾಕಿ ಉಳಿಯಿತು.

ದರ ಸರಿಪಡಿಸಲು ಹೋದವರಿಗೆ ರಾಜಕೀಯ ಪಾಠ ಕಲಿಸಿತು. 2012ರಲ್ಲಿ ರಿಯಾಯಿತಿ ಕಿತ್ತುಹಾಕುವ ಕಾಯ್ದೆ ಬಂತು. ಪ್ರೀಮಿಯಂ ಬಿಲ್ಲು ನೋಡಿದ ಕರಾವಳಿಯ ಮತದಾರರು ಎದ್ದು ನಿಂತರು. 2014ರಲ್ಲಿ ಅದೇ ಸಂಸತ್ತು ಬಹುಪಾಲು ಹಿಂದೆ ಸರಿಯಿತು.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಫ್ರಾನ್ಸ್ 1982ರ ಕಾನೂನಿನಲ್ಲಿ ಗೆರೆಯ ಗೋಜಿಗೇ ಹೋಗಲಿಲ್ಲ. ಪ್ರತಿಯೊಂದು ಮನೆ ವಿಮೆಯ ಮೇಲೂ ಒಂದೇ ಪ್ರಮಾಣದ ಹೆಚ್ಚುವರಿ ಕಟ್ಟಬೇಕು, ಬೆನ್ನಿಗೆ ಸರ್ಕಾರದ ಖಾತರಿ. ಬಹುಕಾಲ 12% ಇದ್ದ ಆ ಹೆಚ್ಚುವರಿ 2025ರ ಜನವರಿಯಿಂದ 20% ಆಗಿದೆ. ದಿಬ್ಬದವನೂ ತಗ್ಗಿನವನೂ ಸಮಾನವಾಗಿ ಹೊರುವ ಏರ್ಪಾಟು, ಆದರೆ ತಗ್ಗಿನವನಿಗೆ ತಾನು ತಗ್ಗಿನಲ್ಲಿದ್ದೇನೆ ಎಂದು ಬಿಲ್ಲು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 1961ರಿಂದ ಕಂಪನಿಗಳು ಸರ್ಕಾರದೊಂದಿಗಿನ ಬಾಯಿಮಾತಿನ ಒಪ್ಪಂದದ ಮೇಲೆ ಸಾಮಾನ್ಯ ಮನೆ ವಿಮೆಯಲ್ಲೇ ನೆರೆಯನ್ನೂ ಸೇರಿಸಿ ಕೊಟ್ಟವು. 2000ದ ಶರತ್ಕಾಲದ ನೆರೆಗಳ ನಂತರ ಅದು ಸಡಿಲವಾಗಿ, ಕೊನೆಗೆ 2016ರಲ್ಲಿ ಫ್ಲಡ್ ರೀ ಎಂಬ ಮರುವಿಮಾ ಸಂಸ್ಥೆ, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸಂಸ್ಥೆ, ಬಂತು. ಅದು 2039ರವರೆಗೆ ಮಾತ್ರ. 2009ರ ಜನವರಿ 1ರ ನಂತರ ಕಟ್ಟಿದ ಮನೆಗಳಿಗೆ ಅದರ ನೆರಳಿಲ್ಲ, ಗೊತ್ತಿದ್ದೂ ನೆರೆಬಯಲಲ್ಲಿ ಕಟ್ಟಿದವರನ್ನು ಉಳಿದವರು ಏಕೆ ಹೊರಬೇಕು ಎಂಬ ವಾದ. ಭಾರತದಲ್ಲಿ 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಪ್ರಮಾಣಿತ ಗೃಹ ವಿಮೆ ಭಾರತ್ ಗೃಹ ರಕ್ಷಾದಲ್ಲಿ ನೆರೆ ಮೊದಲಿಂದಲೇ ಸೇರಿದೆ. ಇಲ್ಲಿನ ತೊಡಕು ಮನೆಗೆ ವಿಮೆ ಮಾಡಿಸುವವರೇ ಕಡಿಮೆ ಎಂಬುದು.

ಅಮೆರಿಕ ಕೊನೆಗೂ 2021ರ ಅಕ್ಟೋಬರಿನಲ್ಲಿ ದರ ಹಾಕುವ ಕ್ರಮವನ್ನೇ ಬದಲಿಸಿತು. ಮನೆ ಗೆರೆಯ ಯಾವ ಕಡೆ ಇದೆ ಎನ್ನುವ ಬದಲು, ನೀರಿನಿಂದ ಎಷ್ಟು ದೂರ, ನೆಲ ಎಷ್ಟು ಎತ್ತರ, ಎಂಥ ನೆರೆ ಎಷ್ಟು ಸಲ ಬರಬಹುದು, ಮತ್ತೆ ಕಟ್ಟಲು ಎಷ್ಟು ಖರ್ಚು ಎಂದು ಒಂದೊಂದು ಮನೆಯನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಸ್ವಂತ ವಾಸದ ಬಹುತೇಕ ಮನೆಗಳಿಗೆ ವರ್ಷಕ್ಕೆ 18%ಕ್ಕಿಂತ ಹೆಚ್ಚು ಏರಿಸುವಂತಿಲ್ಲ, ಹಾಗಾಗಿ ನಿಜ ದರ ಮುಟ್ಟಲು ಕೆಲವರಿಗೆ ವರ್ಷಗಳೇ ಬೇಕು. ವಿಚಿತ್ರವೆಂದರೆ ದರಕ್ಕೆ ಗೆರೆ ಬೇಡವಾದರೂ ಬ್ಯಾಂಕಿನ ಕಡ್ಡಾಯಕ್ಕೆ ಅದೇ ಹಳೆಯ ಗೆರೆ ಉಳಿದುಕೊಂಡಿದೆ.

ಪಾಲಿಸಿಯ ಕಾಗದವನ್ನೂ ಒಮ್ಮೆ ಓದುವುದು ಒಳ್ಳೆಯದು. ಈ ಯೋಜನೆಯಲ್ಲಿ ಹಣ ಕಟ್ಟಿದ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಚಂಡಮಾರುತ ಹೊರಟಿದೆ ಎಂದು ಟಿವಿಯಲ್ಲಿ ನೋಡಿ ಕೊಂಡರೆ ಪ್ರಯೋಜನವಿಲ್ಲ. ಮನೆಗೆ ಗರಿಷ್ಠ 2.5 ಲಕ್ಷ ಡಾಲರ್, ಒಳಗಿನ ಸಾಮಾನಿಗೆ 1 ಲಕ್ಷ, ಎರಡನ್ನೂ ಬೇರೆಬೇರೆ ಕೊಳ್ಳಬೇಕು. ನೆಲಮಾಳಿಗೆಯಲ್ಲಿಟ್ಟ ಸಾಮಾನಿಗೆ ಬಹುಪಾಲು ಏನೂ ಸಿಗದು. ನೆರೆ ಎನಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಒಣಗಿರುವ ನೆಲ ಎರಡು ಎಕರೆಯಾದರೂ, ಇಲ್ಲವೇ ನಿಮ್ಮದೂ ಸೇರಿ ಎರಡು ಆಸ್ತಿಯಾದರೂ ಮುಳುಗಬೇಕು. ನಿಮ್ಮ ಮನೆಯ ಕೊಳವೆಯೊಂದೇ ಹಿಮ್ಮುಖವಾಗಿ ಉಕ್ಕಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಕೊಳ್ಳುವ ಮನೆಗೆ ಹಿಂದೆ ನೀರು ನುಗ್ಗಿತ್ತೇ ಎಂಬುದು ಯಾವ ನಕ್ಷೆಗಿಂತಲೂ ಉಪಯುಕ್ತ ಮಾಹಿತಿ. ಅದನ್ನು ಹೇಳಲೇಬೇಕೆಂಬ ನಿಯಮ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಒಂದೇ ರೀತಿ ಇಲ್ಲ. ಹಾರ್ವೆಯ ನಂತರ, 2019ರಲ್ಲಿ, ಟೆಕ್ಸಸ್ ತನ್ನ ನಿಯಮ ಬಿಗಿ ಮಾಡಿತು. ನ್ಯೂಯಾರ್ಕಿನಲ್ಲಿ ಮಾರುವವರು ಕೊಳ್ಳುವವರಿಗೆ 500 ಡಾಲರ್ ಬಿಟ್ಟುಕೊಟ್ಟು ಮನೆಯ ಲೋಪದೋಷಗಳ ಫಾರಂ ತುಂಬುವುದರಿಂದಲೇ ತಪ್ಪಿಸಿಕೊಳ್ಳಬಹುದಿತ್ತು. 2024ರ ಮಾರ್ಚಿನಲ್ಲಿ ಆ ದಾರಿ ಮುಚ್ಚಿತು. ಮನೆ ನೆರೆಬಯಲಿನಲ್ಲಿದೆಯೇ, ಹಿಂದೆ ನೀರು ಬಂದಿತ್ತೇ, ನೆರೆ ವಿಮೆಯ ಕ್ಲೇಮು ಹಾಕಿದ್ದಿರಾ ಎಂಬ ಪ್ರಶ್ನೆಗಳು ಈಗ ಆ ಫಾರಂನಲ್ಲಿವೆ.