ಕೇಳುವವರ ಕಡೆಯಿಂದ: ಸಮೂಹ ಮಾಧ್ಯಮ ಕುರಿತ ಒಂದು ಟಿಪ್ಪಣಿ

ಸಮೂಹ ಮಾಧ್ಯಮದ ಪಾಠವನ್ನು ಓದುವಾಗ ನಮ್ಮ ಗಮನವೆಲ್ಲ ಪತ್ರಿಕೆ, ಆಕಾಶವಾಣಿ, ದೂರದರ್ಶನಗಳ ಮೇಲೆಯೇ ನಿಲ್ಲುತ್ತದೆ. ಈ ಟಿಪ್ಪಣಿಯನ್ನು ನಾನು ಓದುವವರು, ಕೇಳುವವರು, ನೋಡುವವರಿಂದ ಆರಂಭಿಸುತ್ತೇನೆ, ಏಕೆಂದರೆ ಸುದ್ದಿಗೆ ಅರ್ಥ ಕೂಡಿಬರುವುದು ಅವರು ಕುಳಿತ ಜಾಗದಲ್ಲಿ.

ಮಾಧ್ಯಮ ಹೇಳಿದ್ದು ಚುಚ್ಚುಮದ್ದಿನಂತೆ ಎಲ್ಲರಿಗೂ ಒಂದೇ ರೀತಿ ಇಳಿಯುತ್ತದೆ ಎಂಬ ಭಾವನೆ ಮೊದಲು ಬಲವಾಗಿತ್ತು. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವೇಳೆ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮಾತನಾಡಿಸಿದಾಗ, ಪ್ರಚಾರದಿಂದ ಮನಸ್ಸು ಬದಲಿಸಿದವರು ಕಡಿಮೆಯೆಂದೂ, ಪರಿಚಿತರ ಮಾತೇ ಹೆಚ್ಚು ನಾಟುತ್ತದೆಯೆಂದೂ ಕಂಡುಬಂತು. ಮಾಧ್ಯಮದ ಮಾತು ಮೊದಲು ಕೆಲವರಿಗೆ, ಅವರ ಮೂಲಕ ಉಳಿದವರಿಗೆ ತಲುಪುತ್ತದೆ ಎನ್ನುವ ಎರಡು ಹಂತದ ಹರಿವಿನ ಸಿದ್ಧಾಂತದ ಮೂಲ ಇದೇ.

1973ರಲ್ಲಿ ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಮಂಡಿಸಿದ ವಿಚಾರ ನಮಗೆ ಇನ್ನೂ ಹತ್ತಿರದ್ದು. ಒಂದೇ ಸಂದೇಶವನ್ನು ಜನ ಒಪ್ಪಿ ಗ್ರಹಿಸಬಹುದು, ಅರ್ಧ ಒಪ್ಪಿ ಅರ್ಧ ತಿದ್ದಿಕೊಳ್ಳಬಹುದು, ಇಲ್ಲವೇ ಅದಕ್ಕೆ ಎದುರಾಗಿ ನಿಂತು ಓದಬಹುದು. ಕೊಪ್ಪಳ ಜಿಲ್ಲೆಯ ಗಂಗಾವತಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಭತ್ತದ ಬೆಂಬಲ ಬೆಲೆ ಏರಿದ ಸುದ್ದಿಯನ್ನು ಒಬ್ಬರು ಗಟ್ಟಿಯಾಗಿ ಓದುತ್ತಿದ್ದಾರೆ ಎಂದುಕೊಳ್ಳೋಣ. ಸ್ವಂತ ಹೊಲವಿದ್ದವರೊಬ್ಬರು ಸರ್ಕಾರ ಒಳ್ಳೆಯದು ಮಾಡಿತೆನ್ನುತ್ತಾರೆ. ಪಕ್ಕದವರು, ಬೆಲೆ ಸರಿ, ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮ ಭತ್ತ ಮಾರಿ ಹೋಗಿರುತ್ತದೆ ಎನ್ನುತ್ತಾರೆ. ಲಾವಣಿಗೆ ಹೊಲ ಹಿಡಿದವರು, ಪಹಣಿಯಲ್ಲಿ ಹೆಸರಿಲ್ಲದ ನಮಗೆ ಇದರಲ್ಲಿ ಏನಿದೆ ಎಂದು ಕೇಳುತ್ತಾರೆ. ಮೂವರೂ ಸುದ್ದಿಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ ಎಂಬುದನ್ನು ಮರೆಯಬಾರದು. ಪಾಠದ ಪ್ರಶ್ನೆಗಳಿಗೆ ಭಿನ್ನ ಗ್ರಹಿಕೆಯನ್ನು ಅಜ್ಞಾನವೆಂದು ಬರೆಯುವ ಉತ್ತರಗಳು ನನಗೆ ನೋವು ತರುತ್ತವೆ.

ಒಂದು ಸಮಾಜದಿಂದ ಇನ್ನೊಂದಕ್ಕೆ ಹೋದಂತೆ ಈ ಭಿನ್ನತೆ ಹಿಗ್ಗುತ್ತದೆ. ‘ಡಲ್ಲಾಸ್’ ಎಂಬ ಅಮೆರಿಕದ ಧಾರಾವಾಹಿಯನ್ನು ಇಸ್ರೇಲಿನ ಬೇರೆ ಬೇರೆ ಸಮುದಾಯಗಳಿಗೆ ತೋರಿಸಿ, ಕಥೆಯನ್ನು ಮರಳಿ ಹೇಳಿಸಿದ ಮಾಧ್ಯಮ ಸಂಶೋಧಕರಾದ ತಮಾರ್ ಲೀಬ್ಸ್ ಮತ್ತು ಎಲಿಹು ಕಾಟ್ಜ್ ಅವರಿಗೆ, ಅರಬರು ಘಟನೆಗಳನ್ನು ಅನುಕ್ರಮವಾಗಿ ಹೇಳುವುದೂ, ರಷ್ಯಾದಿಂದ ಬಂದವರು ತಯಾರಕರ ಉದ್ದೇಶವನ್ನು ಹುಡುಕುವುದೂ ಕಾಣಿಸಿತು.

ನಮ್ಮ ಸೀಮೆಯ ಉದಾಹರಣೆ ಇದಕ್ಕಿಂತ ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ ಮತ್ತು ಮನರಂಜನೆ. ತಂತಿಬಲೆಯ ದೊಡ್ಡ ತಟ್ಟೆಯಂಥ ಆಂಟೆನಾ, ಇಡೀ ಊರಿಗೆ ಒಂದು ಟಿ.ವಿ. ಇಂಥ ವ್ಯವಸ್ಥೆಯಲ್ಲಿ ಪ್ರೇಕ್ಷಕ ಎಂದರೆ ಆ ಜಾಗಕ್ಕೆ ಬರಬಲ್ಲವನು, ಅಲ್ಲಿ ಕೂರಲು ಸಂಕೋಚಪಡದವನು ಎಂದೇ ಅರ್ಥ. ಸಂಜೆಯ ಕಾರ್ಯಕ್ರಮ ಮನೆಯ ಹೆಂಗಸರು ಒಲೆಯ ಮುಂದೆ ರೊಟ್ಟಿ ಬಡಿಯುವ ಹೊತ್ತಿನದು. ಆದ್ದರಿಂದ ಒಂದು ಮಾಧ್ಯಮ ಎಷ್ಟು ಹಳ್ಳಿಗಳನ್ನು ತಲುಪಿತು ಎಂಬ ಲೆಕ್ಕವನ್ನು ಓದಿದಾಗಲೆಲ್ಲ, ಆ ಹಳ್ಳಿಯಲ್ಲಿ ಟಿ.ವಿ. ಮುಂದೆ ಯಾರು ಕುಳಿತಿದ್ದರು, ಯಾರು ಮನೆಯಲ್ಲಿಯೇ ಉಳಿದರು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.