ಜೊಳ್ಳಾಗದ ದುಡಿಮೆ: 1 ಕೊರಿಂಥ 15ನ್ನು 16ರ ಜೊತೆ ಸೇರಿಸಿ ಓದುವುದು

ಈಸ್ಟರ್ ಬೆಳಗಿನ ಆರಾಧನೆ, ಇಲ್ಲವೇ ಮಣ್ಣು ಕೊಡುವ ಹೊತ್ತು. 1 ಕೊರಿಂಥ 15, ಅಂದರೆ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ, ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಈ ಎರಡು ಕಡೆ, ಅದೂ ತುಂಡು ತುಂಡಾಗಿ. ಮರಣವನ್ನು ‘ನಿನ್ನ ಜಯವೆಲ್ಲಿ’ ಎಂದು ಕೇಳುವ 55ನೇ ವಚನಕ್ಕೆ ಬಂದು ಪುಸ್ತಕ ಮುಚ್ಚಿಬಿಡುತ್ತೇವೆ. ಪೌಲ ಅಲ್ಲಿಗೆ ನಿಲ್ಲಿಸಿಲ್ಲ. ಇನ್ನು ಮೂರು ವಚನ ಮುಂದೆ ಹೋದರೆ ದುಡಿಮೆಯ ಮಾತು, ಅದರ ಬೆನ್ನಿಗೇ ಹಣ ಎತ್ತಿಡುವ ಮಾತು. ಪುನರುತ್ಥಾನಕ್ಕೂ ಸೋಮವಾರದ ಕೆಲಸಕ್ಕೂ ಏನು ಸಂಬಂಧ ಎಂದು ಕೇಳುವವರು ಹಿಡಿಯಬೇಕಾದ ಎಳೆ ಇದು.

ಪತ್ರ ಬರೆದದ್ದು ಎಫೆಸದಿಂದ (16:8), ಸುಮಾರು ಕ್ರಿ.ಶ. 53–55ರಲ್ಲಿ. ಅಧ್ಯಾಯಗಳ ಈಗಿನ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ, ವಚನಗಳ ಅಂಕೆ 16ನೇ ಶತಮಾನದಲ್ಲಿ. ಅಂದಮೇಲೆ ಕೊರಿಂಥದಲ್ಲಿ ಇದನ್ನು ಕೂತು ಕೇಳಿದವರಿಗೆ 15:58ಕ್ಕೂ 16:1ಕ್ಕೂ ನಡುವೆ ಗೋಡೆ ಇರಲಿಲ್ಲ. ಆದ್ದರಿಂದ ಮೊದಲು 15ರ 58 ವಚನ, 16ರ 4 ವಚನ, ಒಟ್ಟು 62ನ್ನು ಒಂದೇ ಬೈಠಕ್ಕಿನಲ್ಲಿ ಗಟ್ಟಿಯಾಗಿ ಓದಿ. ಹತ್ತು ನಿಮಿಷದ ಕೆಲಸ.

ಯಾವ ಪ್ರಶ್ನೆಗೆ ಉತ್ತರ?

ಸತ್ತವರಿಗೆ ಪುನರುತ್ಥಾನವೇ ಇಲ್ಲ ಎಂದು ಸಭೆಯೊಳಗೇ ಕೆಲವರು ಹೇಳುತ್ತಿದ್ದರು (15:12). ದೇಹ ಕಳಚಿಹೋದರೆ ಒಳ್ಳೆಯದೇ ಆಯಿತು ಎನ್ನುವ ಗ್ರೀಕ್ ಮನಸ್ಸಿಗೆ ಹೆಣ ಎದ್ದುಬರುವ ಮಾತು ನಗೆಪಾಟಲು, ಅಥೇನೆಯಲ್ಲಿ (ಅಥೆನ್ಸ್) ಪೌಲನ ಮಾತು ಕೇಳಿ ನಕ್ಕೇಬಿಟ್ಟರು (ಅಪೊಸ್ತಲರ ಕೃತ್ಯಗಳು, ಅ.ಕೃ. 17:32). ನಮ್ಮ ಕಡೆಯ ತೊಡಕು ಬೇರೆ. ಪುನರುತ್ಥಾನ, ಪುನರ್ಜನ್ಮ, ಆತ್ಮದ ಅಮರತ್ವ ಮೂರನ್ನೂ ಒಂದೇ ಚೀಲಕ್ಕೆ ಹಾಕುತ್ತೇವೆ. ಪುನರ್ಜನ್ಮವೆಂದರೆ ಬೇರೊಂದು ದೇಹದಲ್ಲಿ ಹುಟ್ಟುವುದು. ಅಮರತ್ವಕ್ಕೆ ದೇಹವೇ ಬೇಕಿಲ್ಲ. ‘ಉತ್ಥಾನ’ ಎಂದರೆ ಏಳುವುದು (ಉತ್ಥಾನ ದ್ವಾದಶಿಯ ಉತ್ಥಾನವೂ ಇದೇ ಪದ), ಮಲಗಿದವನೇ ಏಳಬೇಕು. ಗ್ರೀಕಿನ ‘ಅನಾಸ್ತಾಸಿಸ್’ ಕೂಡ ಎದ್ದು ನಿಲ್ಲುವುದೇ.

ಈ ವ್ಯತ್ಯಾಸ ಬರೀ ಪದಗಳದ್ದಲ್ಲ. ದೇಹ ಬಿಸಾಡುವ ಸಾಮಾನಾದರೆ ಅದರಿಂದ ಏನು ಮಾಡಿದರೂ ನಡೆಯುತ್ತದೆ. ದೇವರು ಕರ್ತನನ್ನು ಎಬ್ಬಿಸಿದನು, ನಮ್ಮನ್ನೂ ಎಬ್ಬಿಸುವನು ಎಂಬ ಮಾತು ಇದೇ ಪತ್ರದಲ್ಲಿ ಮೊದಲು ಬರುವುದು ಜಾರತ್ವದ ಚರ್ಚೆಯ ನಡುವೆ (6:13–14). ಸಮಾಧಿಯ ಪ್ರಸ್ತಾಪವೇ ಇಲ್ಲದ ಕಡೆ!

ಎದ್ದನೋ, ಎದ್ದಿದ್ದಾನೋ?

15:3–5ನ್ನು ನಿಧಾನವಾಗಿ ನೋಡಿ. ಪೌಲ ತಾನೂ ಇನ್ನೊಬ್ಬರಿಂದ ಪಡೆದು ದಾಟಿಸಿದ ಸೂತ್ರ ಇದು. ‘ಸತ್ತನು’, ‘ಹೂಣಲ್ಪಟ್ಟನು’ ಎರಡೂ ಮುಗಿದ ಘಟನೆಯ ಕ್ರಿಯಾರೂಪ. ಮೂರನೆಯದಕ್ಕೆ ಬಂದಾಗ ರೂಪ ಬದಲಾಗುತ್ತದೆ. ‘ಎಗೇಗೆರ್ತೈ’ ಎಂದರೆ ಎಬ್ಬಿಸಲ್ಪಟ್ಟು ಹಾಗೆಯೇ ಇದ್ದಾನೆ. ಈ ಸೂಕ್ಷ್ಮ ಕನ್ನಡಕ್ಕೆ ಸಲೀಸಾಗಿ ಒಗ್ಗುತ್ತದೆ. ‘ಅಪ್ಪ ಐದಕ್ಕೆ ಎದ್ದರು’ ಎಂದರೆ ಮತ್ತೆ ಮಲಗಿರಲೂಬಹುದು. ‘ಅಪ್ಪ ಎದ್ದಿದ್ದಾರೆ’ ಎಂದರೆ ಹೋಗಿ ಮಾತಾಡಿಸಬಹುದು. ನಿಮ್ಮ ಅನುವಾದದಲ್ಲಿ ‘ಎದ್ದನು’ ಎಂದಿದ್ದರೆ ಅಂಚಿನಲ್ಲಿ ‘ಎದ್ದಿದ್ದಾನೆ’ ಎಂದು ಬರೆದುಕೊಳ್ಳಿ. ದಿನದ ಪ್ರಾರ್ಥನೆ ನಿಂತಿರುವುದು ಈ ‘ಇದ್ದಾನೆ’ಯ ಮೇಲೆ.

ಪ್ರಥಮ ಫಲ

20ನೇ ವಚನದ ‘ಪ್ರಥಮ ಫಲ’ದ ಹಿಂದೆ ಯಾಜಕಕಾಂಡ 23:10–11 ಇದೆ: ಬೆಳೆಯ ಮೊದಲ ಸಿವುಡನ್ನು ಸಬ್ಬತ್ತಿನ (ಯೆಹೂದ್ಯರ ವಾರದ ವಿಶ್ರಾಂತಿ ದಿನದ) ಮಾರನೆಯ ದಿನ ದೇವರ ಮುಂದೆ ನಿವಾಳಿಸುವುದು. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರ ಮೊಂತಿ ಫೆಸ್ತ್ (ಸೆಪ್ಟೆಂಬರ್ 8) ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ್ದೇನಲ್ಲ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಆ ತೆನೆ ಬಂದದ್ದು ಉಳಿದ ಬೆಳೆ ನಿಂತಿರುವ ಗದ್ದೆಯಿಂದಲೇ. ಕ್ರಿಸ್ತನಿಗೆ ಆದದ್ದು ಅವನೊಬ್ಬನ ಪವಾಡವಾಗಿ ಉಳಿಯದೆ ಕೊಯ್ಲಿನ ಆರಂಭವಾಗುತ್ತದೆ ಎಂಬುದು ಪೌಲನ ವಾದ.

ಜೊಳ್ಳು

ಇನ್ನು ಪೆನ್ಸಿಲ್ ತೆಗೆದುಕೊಳ್ಳಿ. ಗ್ರೀಕಿನ ‘ಕೆನೊಸ್’ ಎಂದರೆ ಬರಿದು, ಒಳಗೇನೂ ಇಲ್ಲದ್ದು. ಕಾಳಿನ ಭಾಷೆಯಲ್ಲಿ ಹೇಳುವುದಾದರೆ ಜೊಳ್ಳು. ಅದು ಬರುವುದು 10, 14, 58ನೇ ವಚನಗಳಲ್ಲಿ. ಪೌಲನ ಮಾತು ಕ್ರಮವಾಗಿ ಹೀಗಿದೆ: ನನ್ನ ಮೇಲಿನ ಕೃಪೆ ಜೊಳ್ಳಾಗಲಿಲ್ಲ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಸಾರೋಣ, ನಿಮ್ಮ ನಂಬಿಕೆ ಎರಡೂ ಜೊಳ್ಳು. ಕರ್ತನಲ್ಲಿ ನಿಮ್ಮ ದುಡಿಮೆ ಜೊಳ್ಳಲ್ಲ. ಅನುವಾದಗಳು ಒಂದು ಕಡೆ ವ್ಯರ್ಥ, ಇನ್ನೊಂದು ಕಡೆ ನಿಷ್ಫಲ ಎಂದು ಪದ ಬದಲಾಯಿಸಿದಾಗ ಎಳೆ ಕಡಿದುಹೋಗುತ್ತದೆ. ಮೂರಕ್ಕೂ ಒಂದೇ ಗುರುತು ಹಾಕಿ.

58ರಲ್ಲಿ ದುಡಿಮೆಗೆ ಇರುವ ಪದ ‘ಕೊಪೊಸ್’, ಮೈ ಹಣ್ಣಾಗುವ ಕೆಲಸ. ಇದೇ ಧಾತುವನ್ನು ಪೌಲ ಸ್ವಂತ ಕೈಯಿಂದ ದುಡಿಯುವುದಕ್ಕೂ ಬಳಸಿದ್ದಾನೆ (4:12). ಕೊರಿಂಥದಲ್ಲಿ ಅವನು ಗುಡಾರ ಮಾಡುವವನಾಗಿದ್ದ (ಅ.ಕೃ. 18:3). ಇಲ್ಲಿ ಸ್ವಲ್ಪ ಎಚ್ಚರ ಬೇಕು: ‘ಕರ್ತನ ಕೆಲಸ’ ಎಂಬುದು 16:10ರಲ್ಲಿ ಸುವಾರ್ತೆಯ ಸೇವೆಯನ್ನೇ ಸೂಚಿಸುತ್ತದೆ. ಹಾಗಾಗಿ ಈ ಒಂದೇ ವಚನ ಹಿಡಿದು ಆಫೀಸು, ಅಡುಗೆಮನೆ, ಹೊಲ ಎಲ್ಲದಕ್ಕೂ ಹಾರಬಾರದು. ಸೇತುವೆ ಕೊಲೊಸ್ಸೆ 3ರಲ್ಲಿದೆ. ಅದು ‘ನೀವು ಕ್ರಿಸ್ತನೊಂದಿಗೆ ಎಬ್ಬಿಸಲ್ಪಟ್ಟಿದ್ದರೆ’ ಎಂದು ಶುರುವಾಗಿ ಸಿಟ್ಟು, ಸುಳ್ಳು, ಗಂಡ-ಹೆಂಡತಿ, ಮಕ್ಕಳನ್ನು ದಾಟಿ, ದಾಸರು ಮಾಡುವ ಕೆಲಸವನ್ನೂ ಕರ್ತನಿಗೆಂದೇ ಮಾಡಿ ಎನ್ನುವವರೆಗೆ ಇಳಿಯುತ್ತದೆ (3:23).

ಎಡವುವ ಕಡೆ

ದೊಡ್ಡ ತಪ್ಪು ನಡೆಯುವುದು ಸಾವಿನ ಮನೆಯಲ್ಲಿ. ‘ಪುನರುತ್ಥಾನ ಇದೆಯಲ್ಲ, ಅಳಬೇಡಿ’ ಎನ್ನುವುದು. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲಿದ್ದ ಯೇಸುವೇ ಅತ್ತನು (ಯೋಹಾನ 11:35). 1 ಥೆಸಲೋನಿಕ 4:13 ತಡೆಯುವುದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸುವುದನ್ನು. ದುಃಖಕ್ಕೆ ಅಲ್ಲಿ ಜಾಗವಿದೆ. ಆ ಮನೆಯಲ್ಲಿ ಮಾತಿಗಿಂತ ಮೊದಲು ಜೊತೆಗೆ ಕೂರಬೇಕು.

ಕ್ರಿಸ್ತನು ಎದ್ದ ಮೇಲೆ ನಂಬಿದವರ ಹತ್ತಿರ ರೋಗ, ಸಾಲ, ಸೋಲು ಬರಬಾರದು ಎನ್ನುವುದು ಇನ್ನೊಂದು ತಪ್ಪು. ಎದ್ದವನ ಕೈಯಲ್ಲಿ ಗಾಯದ ಗುರುತು ಉಳಿದಿತ್ತು (ಯೋಹಾನ 20:27). ಅದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಹಣದ ಮಾತು

16:2ರಲ್ಲಿ ನಾಲ್ಕು ಅಂಶ ಎಣಿಸಿ: ವಾರದ ಮೊದಲನೆಯ ದಿನ, ಪ್ರತಿಯೊಬ್ಬನೂ, ತನ್ನ ಬಳಿಯಲ್ಲೇ ಎತ್ತಿಟ್ಟು, ಬಂದ ಸಂಪಾದನೆಗೆ ತಕ್ಕಂತೆ. ಮೊದಲನೆಯ ದಿನ ಎಂದರೆ ಯೇಸು ಎದ್ದ ದಿನ, ಭಾನುವಾರ. ಶೇಕಡಾ ಇಷ್ಟು ಎಂದು ಪೌಲ ಹೇಳಿಲ್ಲ. ತಾನು ಬಂದಾಗ ಅವಸರದ ವಂತಿಗೆ ಎತ್ತುವುದು ಅವನಿಗೆ ಬೇಡ. ಮನೆಯಲ್ಲಿ ಒಂದು ಡಬ್ಬಿ ಇಟ್ಟು ನಾಲ್ಕು ಭಾನುವಾರ ನಡೆಸಿ ನೋಡಿ. ತಿಂಗಳ ಕೊನೆಗೆ ಮಿಕ್ಕಿದ್ದರಲ್ಲಿ ಕೊಡುತ್ತೇನೆ ಎಂದರೆ ಸಾಮಾನ್ಯವಾಗಿ ಮಿಕ್ಕಿರುವುದಿಲ್ಲ. ಯಾರಿಗೆ ಎಂದೂ ಮೊದಲೇ ಗೊತ್ತಿರಲಿ. ಅಲ್ಲಿ ಅದು ಯೆರೂಸಲೇಮಿನ ಬಡವರಿಗೆ. ಹಣ ಒಯ್ಯುವವರನ್ನು ಕೊರಿಂಥದವರೇ ಆರಿಸಬೇಕಿತ್ತು (16:3). ಲೆಕ್ಕದ ಬಗ್ಗೆ ಯಾರೂ ಬೆರಳು ತೋರಿಸದಂತೆ ಪೌಲ ಎಷ್ಟು ಜಾಗರೂಕನಾಗಿದ್ದ ಎಂಬುದು 2 ಕೊರಿಂಥ 8:20–21ರಲ್ಲಿದೆ.

ಪುನರುತ್ಥಾನದ ಮೇಲೆ ಇಷ್ಟು ಉದ್ದದ ಪಾಠ ಕೇಳಿದ ಆ ಸಭೆಯೇ ವರ್ಷ ಕಳೆದರೂ ಈ ಕೆಲಸವನ್ನು ಅರ್ಧಕ್ಕೇ ಬಿಟ್ಟಿತ್ತು. ಮುಗಿಸಿಕೊಡಲು ಪೌಲ ತನ್ನ ಜೊತೆ ಕೆಲಸಗಾರ ತೀತನನ್ನು ಕಳಿಸಬೇಕಾಯಿತು (2 ಕೊರಿಂಥ 8:6, 10). ಕಡೆಗೆ ರೋಮಾಪುರ 15:26ರಲ್ಲಿ, ಕೊಟ್ಟವರ ಸಾಲಿನಲ್ಲಿ ಅಖಾಯದ ಹೆಸರಿದೆ. ಕೊರಿಂಥ ಇದ್ದದ್ದು ಆ ಸೀಮೆಯಲ್ಲೇ.